ಹೆಣ ಹೂತ ಮರುದಿನವೂ ಹಾಲು ಕರೆಯಬೇಕು

ಪ್ರಶ್ನೆ: ನಾನು ಮೊದಲ ಸಲ ಕಾದಂಬರಿ ಬರೆಯುತ್ತಿದ್ದೇನೆ. ಡಾರ್ಕ್ ಕಾಮಿಡಿ. ಅಕ್ಕಪಕ್ಕದ ಹೊಲಗಳ ನಾಲ್ವರು ಗೆಳತಿಯರ ಕಥೆ. ಒಬ್ಬಳ ಗಂಡ ರಾತ್ರಿ ಟ್ರ್ಯಾಕ್ಟರ್ ಮಗುಚಿ ಸಾಯುತ್ತಾನೆ. ಜಮೀನೆಲ್ಲ ಅವನ ಹೆಸರಿನಲ್ಲಿದೆ. ಸುದ್ದಿ ಹೊರಬಿದ್ದರೆ ಅವನ ಅಣ್ಣ ಬಂದು ಎಲ್ಲವನ್ನೂ ಹಿಡಿದುಕೊಳ್ಳುತ್ತಾನೆ ಅನ್ನುವ ಭಯಕ್ಕೆ ನಾಲ್ವರೂ ಸೇರಿ ಹೆಣವನ್ನು ಹೊಲದಲ್ಲೇ ಹೂಳುತ್ತಾರೆ. ‘ದುಡಿಯೋಕೆ ದೂರ ಹೋಗಿದ್ದಾನೆ’ ಎಂದು ಎಲ್ಲರಿಗೂ ಹೇಳುತ್ತಾರೆ. ಓದಿದ ಮೂವರಲ್ಲಿ ಒಬ್ಬರು ನಗುವೇ ಬರಲಿಲ್ಲ ಅಂದರು. ಇನ್ನೊಬ್ಬರು ಸಾವಿನ ಮೇಲೆ ನಗಿಸುವುದು ಕ್ರೂರ ಅಂದರು. ಮೂರನೆಯವರು ನಾಲ್ವರೂ ಒಬ್ಬಳೇ ಮಾತಾಡಿದ ಹಾಗಿದೆ ಅಂದರು. ಹೂತ ವಿಷಯವನ್ನು ಓದುಗರಿಗೂ ಕೊನೆಯವರೆಗೆ ಬಿಟ್ಟುಕೊಟ್ಟಿಲ್ಲ. ಎಲ್ಲಿ ಎಡವಿದ್ದೇನೆ? ಇಡೀ ಹಸ್ತಪ್ರತಿ ಕಳಿಸಿದ್ದೇನೆ.

ಉತ್ತರ: ನಿಮ್ಮ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಮೂವರು ಹೇಳಿದ್ದೂ ಸರಿ. ಆದರೆ ಮೂವರೂ ಬೆರಳು ತೋರಿಸುತ್ತಿರುವುದು ಒಂದೇ ಜಾಗಕ್ಕೆ. ಐದನೇ ಅಧ್ಯಾಯದಿಂದ ಆಚೆ ನಿಮ್ಮ ಹೆಂಗಸರು ಕೆಲಸ ಮಾಡುವುದನ್ನೇ ಬಿಟ್ಟುಬಿಟ್ಟಿದ್ದಾರೆ.

ಮೊದಲ ನಾಲ್ಕು ಅಧ್ಯಾಯಗಳಲ್ಲಿ ಅವರು ಎಷ್ಟು ಚೆನ್ನಾಗಿದ್ದಾರೆ! ಒಬ್ಬಳು ಕಳೆ ಕೀಳುತ್ತಲೇ ಇನ್ನೊಬ್ಬಳ ಸಾಲದ ಲೆಕ್ಕ ಹೇಳುತ್ತಾಳೆ, ಒಬ್ಬಳು ಕೆಟ್ಟುನಿಂತ ಪಂಪ್‌ಸೆಟ್ಟಿಗೆ ಗಂಡನಿಗೆ ಬೈದ ಹಾಗೆ ಬೈಯುತ್ತಾಳೆ, ನಾನು ಜೋರಾಗಿ ನಕ್ಕೆ. ಆಮೇಲೆ ಆ ರಾತ್ರಿ ಬರುತ್ತದೆ. ಅಲ್ಲಿಂದ ನಾಲ್ವರೂ ಒಂದು ಕೋಣೆ ಸೇರಿ ಬಾಗಿಲು ಹಾಕಿಕೊಂಡು ‘ಆ ವಿಷಯ, ಆ ವಿಷಯ’ ಅಂತ ಪಿಸುಗುಟ್ಟುತ್ತಾ ಕೂತುಬಿಡುತ್ತಾರೆ. ನಾನು ಎಣಿಸಿದೆ, ಹೀಗೆ ಕೂತು ಮಾತಾಡುವ ದೃಶ್ಯಗಳೇ ಹದಿನಾಲ್ಕಿವೆ. ಬೇಸಾಯದ ಮನೆಯಲ್ಲಿ ಹದಿನಾಲ್ಕು ಸಲ ಸುಮ್ನೆ ಕೂರಲು ಯಾರಿಗೂ ಆಗುವುದಿಲ್ಲ. ಹಸು ಬಿಡುವುದಿಲ್ಲ.

ನಾನು ಹಸು ಕಟ್ಟಿದ ಮನೆಯಲ್ಲಿ ಬೆಳೆದವಳು. ಅಜ್ಜ ತೀರಿಕೊಂಡ ಬೆಳಿಗ್ಗೆ ಮನೆ ತುಂಬ ಜನ. ಐದು ಗಂಟೆ ದಾಟಿತು, ಕೊಟ್ಟಿಗೆಯಿಂದ ಹಸು ಕೂಗಲು ಶುರುಮಾಡಿತು. ಅಮ್ಮ ಕಣ್ಣೊರೆಸಿಕೊಂಡು ಪಾತ್ರೆ ಹಿಡಿದು ಹೋದರು. ದಿನಾ ಕರೆಯುತ್ತಿದ್ದವರು ಅಜ್ಜ, ಹಾಗಾಗಿ ಹಸು ಹಾಲು ಬಿಡಲಿಲ್ಲ. ಅಮ್ಮ ಎಷ್ಟು ಸವರಿದರೂ ಬಿಡಲಿಲ್ಲ. ಕೊನೆಗೆ ಅಮ್ಮ ಅದರ ಕಿವಿಯ ಹತ್ತಿರ ಹೋಗಿ, ‘ಒಳಗೆ ಮಲಗಿದ್ದಾರೆ ಕಣೇ, ಆಮೇಲೆ ಬರ್ತಾರೆ’ ಎಂದು ಸುಳ್ಳು ಹೇಳಿದರು. ನನಗೆ ಹತ್ತು ವರ್ಷ. ನನಗೆ ತಡೆಯಲಾಗದೆ ನಗು ಬಂತು. ಅಮ್ಮ ತಿರುಗಿ ನೋಡಿದರು, ಅವರಿಗೂ ನಗು ಬಂತು. ಹಾಗೇ ನಗುತ್ತಾ ಹಸುವಿನ ಪಕ್ಕೆಗೆ ಹಣೆ ಒತ್ತಿ ಅತ್ತರು. ನೀವು ಬರೆಯಲು ಹೊರಟಿರುವ ಕಾದಂಬರಿ ಇದೇ ಜಾತಿಯದು. ಆ ಕೊಟ್ಟಿಗೆಯಲ್ಲಿ ಯಾರೂ ಜೋಕ್ ಮಾಡಲಿಲ್ಲ. ಕೆಲಸ ನಿಲ್ಲಲಿಲ್ಲ, ಅಷ್ಟೇ. ಸಾವು ಮತ್ತು ಕೆಲಸ ಒಂದೇ ಬಾಗಿಲಲ್ಲಿ ಒಟ್ಟಿಗೆ ನುಗ್ಗಲು ಹೋಗಿ ಸಿಕ್ಕಿಕೊಂಡವು. ನಗು ಹುಟ್ಟುವುದು ಆ ನೂಕುನುಗ್ಗಲಲ್ಲಿ.

ಹಾಗಾಗಿ ನಿಮಗೆ ಮೊದಲು ಬೇಕಾಗಿರುವುದು ಇನ್ನಷ್ಟು ತಮಾಷೆಯಲ್ಲ, ಒಂದು ಕ್ಯಾಲೆಂಡರ್. ಅವನು ಸತ್ತದ್ದು ಯಾವ ತಿಂಗಳು? ಎಲ್ಲಿಯೂ ಬರೆದಿಲ್ಲ. ಬಿತ್ತನೆಗೆ ಮುಂಚೆಯಾ, ಕೊಯ್ಲಿನ ಹೊತ್ತಿಗಾ? ಕೊಟ್ಟಿಗೆಯಲ್ಲಿ ಯಾವ ಹಸು ಗಬ್ಬ ಇತ್ತು, ಎಷ್ಟು ತಿಂಗಳಾಗಿತ್ತು? ಹಸುವಿಗೆ ಹೆಚ್ಚೂಕಡಿಮೆ 280 ದಿನ, ಮೇಕೆಗೆ 150 ದಿನ, ಹಂದಿಗೆ 114 ದಿನ, ಕೋಳಿ ಕಾವು ಕೂತರೆ 21 ದಿನ. ಇವು ಯಾರ ಗುಟ್ಟಿಗೂ ಕಾಯುವುದಿಲ್ಲ. ಕರು ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ ಅದಕ್ಕೆ ತಾಯಿಯ ಮೊದಲ ಹಾಲು ಕುಡಿಸಲೇಬೇಕು. ಆ ಹಾಲಿನಲ್ಲಿರುವ ರೋಗ ತಡೆಯುವ ಶಕ್ತಿಯನ್ನು ಕರುವಿನ ಕರುಳು ಹೀರಿಕೊಳ್ಳುವುದು ಹೊತ್ತು ಕಳೆದಂತೆ ಇಳಿಯುತ್ತಾ ಹೋಗಿ, ಒಂದು ದಿನ ದಾಟುವಷ್ಟರಲ್ಲಿ ನಿಂತೇಹೋಗುತ್ತದೆ. ಈಗ ಹೀಗೆ ಯೋಚಿಸಿ. ಹೆಣ ಹೂಳುತ್ತಿರುವ ರಾತ್ರಿಯೇ ಹಸು ಈಯಲು ಶುರುಮಾಡಿದರೆ? ನಾಲ್ವರಲ್ಲಿ ಇಬ್ಬರು ಗುಂಡಿಯ ಹತ್ತಿರ, ಇಬ್ಬರು ಕೊಟ್ಟಿಗೆಯಲ್ಲಿ. ಟಾರ್ಚ್ ಒಂದೇ. ಅದು ಅಲ್ಲಿಗೂ ಇಲ್ಲಿಗೂ ಓಡಾಡುತ್ತಿರುತ್ತದೆ. ‘ಕಾಲು ಹಿಡಿದು ಎಳಿ, ನಿಧಾನ’ ಅಂತ ಕತ್ತಲಲ್ಲಿ ಒಬ್ಬಳು ಕೂಗಿದರೆ ಅದು ಎಲ್ಲಿಯವರಿಗೆ ಹೇಳಿದ್ದು ಅಂತ ಓದುವವರಿಗೂ ಒಂದು ಗಳಿಗೆ ಗೊತ್ತಾಗಬಾರದು. ಇಲ್ಲಿ ಒಂದೇ ಒಂದು ಚಮತ್ಕಾರದ ಮಾತು ಬೇಕಿಲ್ಲ.

ಟ್ರ್ಯಾಕ್ಟರಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನಿಮ್ಮ ಕೈಯಲ್ಲಿ ಚಿನ್ನ ಇದೆ, ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಗಣಿ ಮತ್ತು ಕಟ್ಟಡ ಕೆಲಸದ ಜೊತೆಗೆ ಜಗತ್ತಿನ ಅತಿ ಅಪಾಯದ ಮೂರು ಕೆಲಸಗಳಲ್ಲಿ ಬೇಸಾಯವೂ ಒಂದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹೇಳುತ್ತದೆ. ಅದರಲ್ಲೂ ಟ್ರ್ಯಾಕ್ಟರ್ ಮಗುಚುವುದು ಬಹಳ ಹಳೆಯ ಸಾವು. ಹಿಂದಕ್ಕೆ ಮಗುಚಿದರೆ ಎರಡು ಸೆಕೆಂಡಿನೊಳಗೆ ಎಲ್ಲ ಮುಗಿದಿರುತ್ತದೆ, ಹಾರಿ ತಪ್ಪಿಸಿಕೊಳ್ಳಲು ಹೊತ್ತಿರುವುದಿಲ್ಲ. ಇದಕ್ಕೆಂದೇ ಸೀಟಿನ ಹಿಂದೆ ಒಂದು ಗಟ್ಟಿ ಕಬ್ಬಿಣದ ಚೌಕಟ್ಟು ಇರುತ್ತದೆ. ಹೊಸ ಟ್ರ್ಯಾಕ್ಟರುಗಳಿಗೆ ಅದು ಇರಲೇಬೇಕು ಎಂದು ಸ್ವೀಡನ್ 1959ರಲ್ಲೇ ಕಾನೂನು ಮಾಡಿತು, ಅಲ್ಲಿ ಇಂಥ ಸಾವುಗಳು ಇಳಿದವು. ಆದರೂ ಎಷ್ಟೋ ಜನ ಅದನ್ನು ಬಿಚ್ಚಿಡುತ್ತಾರೆ, ಶೆಡ್ಡಿನ ಬಾಗಿಲಿಗೆ ತಾಗುತ್ತದೆ ಅಂತ. ನಿಮ್ಮ ಗಂಡನ ಪಾತ್ರವೂ ಬಿಚ್ಚಿಟ್ಟಿರಲಿ. ಹೆಂಡತಿ ಹತ್ತು ಸಲ ಹೇಳಿರಲಿ, ‘ಬಾಗಿಲನ್ನೇ ಎತ್ತರ ಮಾಡಿಸಿ’ ಅಂತ. ಅವನು ಆ ಚೌಕಟ್ಟನ್ನು ಹಿತ್ತಲಲ್ಲಿ ನೆಟ್ಟು ಬಳ್ಳಿ ಹಬ್ಬಿಸಿರಲಿ. ಅವನು ಸತ್ತ ಮೇಲೆ ಆ ಬಳ್ಳಿ ಕಾಯಿ ಬಿಡುತ್ತದೆ. ಅವಳು ದಿನಾ ಬೆಳಿಗ್ಗೆ ಅದರ ಕೆಳಗೆ ನಿಂತು ಕಾಯಿ ಕೀಳಬೇಕು. ಸಿಟ್ಟು, ಪ್ರೀತಿ, ‘ನಾನು ಹೇಳಿದ್ದೆ’ ಅನ್ನುವ ಹಟ, ಮೂರೂ ಒಂದೇ ಬಳ್ಳಿಯಲ್ಲಿ ಬಂತು.

ಇನ್ನೊಂದು. ಸಾಧಾರಣ ಟ್ರ್ಯಾಕ್ಟರ್ ಎರಡು ಟನ್ ತೂಗುತ್ತದೆ. ಬೆಳಗಾಗುವ ಮುಂಚೆ ಅದನ್ನು ಎತ್ತಿ ನಿಲ್ಲಿಸಿದವರು ಯಾರು? ನಿಮ್ಮ ಕಥೆಯಲ್ಲಿ ಬೆಳಿಗ್ಗೆ ಅದು ತಾನಾಗಿಯೇ ಶೆಡ್ಡಿನಲ್ಲಿದೆ. ಹೊಲದಲ್ಲಿ ಬೆಳೆದ ಓದುಗರು ಅಲ್ಲೇ ಪುಸ್ತಕ ಮುಚ್ಚುತ್ತಾರೆ. ಇನ್ನೊಂದು ಟ್ರ್ಯಾಕ್ಟರ್ ಬೇಕು, ಸರಪಳಿ ಬೇಕು, ಓಡಿಸಲು ಬರುವವಳು ಬೇಕು. ಅವಳಿಗೆ ಓಡಿಸಲು ಬರುತ್ತದೆ ಅನ್ನುವುದೇ ಇಷ್ಟು ವರ್ಷ ಮನೆಯವರಿಗೆ ಗೊತ್ತಿಲ್ಲದ ಗುಟ್ಟಾಗಿರಬಹುದಲ್ವಾ?

ಈಗ ಕ್ರೂರ ಅಂದವರ ಮಾತು. ಇದನ್ನು ನೀವು ಗಂಭೀರವಾಗಿ ತೆಗೆದುಕೊಳ್ಳಬೇಕು. ಮನಶ್ಶಾಸ್ತ್ರಜ್ಞ ಫ್ರಾಯ್ಡ್ 1927ರಲ್ಲಿ ಹಾಸ್ಯದ ಬಗ್ಗೆ ಬರೆಯುತ್ತಾ ಒಂದು ಉದಾಹರಣೆ ಕೊಟ್ಟರು. ಸೋಮವಾರ ಬೆಳಿಗ್ಗೆ ಗಲ್ಲಿಗೆ ಕರೆದೊಯ್ಯುತ್ತಿರುವ ಕೈದಿಯೊಬ್ಬ, ‘ವಾರ ಚೆನ್ನಾಗಿಯೇ ಶುರುವಾಯಿತು’ ಅನ್ನುತ್ತಾನೆ. ಅದೇ ಮಾತನ್ನು ಗಲ್ಲಿಗೇರಿಸುವವನು ಹೇಳಿದ್ದರೆ ನಮಗೆ ಮೈ ಉರಿಯುತ್ತದೆ. ಮಾತು ಅದೇ, ಹೇಳಿದವರು ಬೇರೆ. ನಿಮ್ಮ ಕಾದಂಬರಿಯಲ್ಲಿ ತಮಾಷೆ ಮಾಡುತ್ತಿರುವುದು ನಿರೂಪಕಿ, ಅಂದರೆ ನೀವು. ‘ಅವನು ಬದುಕಿದ್ದಾಗಿನಷ್ಟೇ ಸತ್ತ ಮೇಲೂ ಸೋಮಾರಿ’ ಎಂದು ಬರೆದಿದ್ದೀರಿ. ನೀವು ಆ ಹೊಲದಲ್ಲಿಲ್ಲ, ನಿಮಗೆ ಕಳೆದುಕೊಳ್ಳುವುದು ಏನೂ ಇಲ್ಲ. ಅದಕ್ಕೆ ಚುಚ್ಚುತ್ತದೆ. ಅದೇ ಮಾತನ್ನು ಹೆಂಡತಿ, ಅವನ ಹೊದಿಕೆ ಮಡಿಸುತ್ತಾ, ಗೆಳತಿಯ ಹತ್ತಿರ ಹೇಳಿದರೆ ಅದು ಅವಳ ಹಕ್ಕು. ನಿರೂಪಕಿ ನೇರ ಮುಖ ಇಟ್ಟುಕೊಂಡು ನಡೆದದ್ದನ್ನು ಹೇಳಲಿ.

ಮತ್ತೆ, ಸತ್ತವನು ಮನುಷ್ಯನಾಗಬೇಕು. ಈಗ ಅವನು ಬರೀ ಕುಡುಕ, ಬರೀ ಹೊಡೆಯುವವನು. ಓದುಗರು ಅವನ ಸಾವಿಗೆ ಬೇಜಾರು ಮಾಡಿಕೊಳ್ಳಬಾರದು ಅಂತ ನೀವು ಹೆದರಿ ಹಾಗೆ ಮಾಡಿದ್ದೀರಿ ಅನ್ನಿಸುತ್ತದೆ. ಹಾಗೆ ಮಾಡಿದರೆ ನಾಲ್ವರ ಕೆಲಸ ಸಲೀಸಾಗುತ್ತದೆ, ಸಲೀಸಾದ ಕೂಡಲೇ ನಗು ಸಾಯುತ್ತದೆ. ಅವನಿಗೆ ಒಂದು ಒಳ್ಳೆಯ ಗುಣ ಕೊಡಿ, ಹಸುಗಳ ಮೇಲಿನ ಪ್ರೀತಿ. ಕರೆಯುವಾಗ ಗುನುಗುತ್ತಿದ್ದ ಒಂದು ರಾಗ ಕೊಡಿ. ಹೆಂಡತಿಗೆ ಅವನ ಮೇಲೆ ಸಿಟ್ಟೂ ಇರಲಿ, ರಾತ್ರಿ ಹಾಸಿಗೆಯಲ್ಲಿ ಆ ಕಡೆ ಜಾಗ ಬಿಟ್ಟು ಮಲಗುವ ಅಭ್ಯಾಸವೂ ಇರಲಿ.

ಒಂದು ಕಡೆ ಮಾತ್ರ ನಾನು ಗಟ್ಟಿಯಾಗಿ ಬೇಡ ಅನ್ನುತ್ತೇನೆ. ಏಳನೇ ಅಧ್ಯಾಯದಲ್ಲಿ ಕೀಟನಾಶಕದ ಡಬ್ಬಿ ಇಟ್ಟುಕೊಂಡು ಮಾಡಿದ ತಮಾಷೆಯನ್ನು ತೆಗೆದುಬಿಡಿ. ಜಗತ್ತಿನಲ್ಲಿ ಆಗುವ ಆತ್ಮಹತ್ಯೆಗಳಲ್ಲಿ ಅಂದಾಜು ಐದರಲ್ಲಿ ಒಂದು ಕೀಟನಾಶಕದಿಂದ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಬಹುಪಾಲು ಹಳ್ಳಿಗಳಲ್ಲಿ, ಬೇಸಾಯದ ಮನೆಗಳಲ್ಲಿ. ನಿಮ್ಮ ಓದುಗರಲ್ಲಿ ಆ ಡಬ್ಬಿಯನ್ನು ಕಂಡರೆ ಇವತ್ತಿಗೂ ಕೈ ನಡುಗುವವರು ಇರುತ್ತಾರೆ. ಕರಾಳ ಹಾಸ್ಯ ಎಲ್ಲಿಗೆ ಬೇಕಾದರೂ ಹೋಗಬಹುದು, ಒಪ್ಪುತ್ತೇನೆ. ಆದರೆ ಹೋದರೆ ಅಲ್ಲಿ ನಿಂತು ಆ ನೋವನ್ನು ಪೂರ್ತಿ ನೋಡಬೇಕು. ನೀವು ಒಂದು ಪ್ಯಾರಾದಲ್ಲಿ ಹಾದುಹೋಗಿದ್ದೀರಿ.

ಇನ್ನು ಗುಟ್ಟು. ಹೂತಿದ್ದಾರೆ ಅನ್ನುವುದನ್ನು ಓದುಗರಿಂದ ಮುಚ್ಚಿಡಬೇಡಿ. ಮೊದಲ ಹತ್ತು ಪುಟಗಳಲ್ಲೇ ಹೇಳಿಬಿಡಿ. ಈಗ ಏನಾಗಿದೆ ನೋಡಿ. ಪಕ್ಕದ ಹೊಲದ ಮುದುಕ ಬಂದು ‘ನಿಮ್ಮ ಆ ಮೂಲೆಯಲ್ಲಿ ಬೆಳೆ ಭಾರಿ ಬಂದಿದೆ’ ಅನ್ನುತ್ತಾನೆ, ನಾಲ್ವರೂ ಬೆಚ್ಚುತ್ತಾರೆ. ಯಾಕೆ ಬೆಚ್ಚಿದರು ಅಂತ ಓದುವವರಿಗೆ ಗೊತ್ತಿಲ್ಲ, ಹಾಗಾಗಿ ಆ ಸಾಲು ಸತ್ತುಬಿದ್ದಿದೆ. ಗೊತ್ತಿದ್ದರೆ ಅದೇ ಸಾಲಿಗೆ ಎದೆ ಧಸಕ್ಕೆನ್ನುತ್ತದೆ, ನಗುವೂ ಬರುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆ ನಮ್ಮನ್ನು ನಗಿಸುವುದು ಕದ್ದವನು ಯಾರು ಅಂತ ನಮಗೆ ಗೊತ್ತಿರುವುದರಿಂದ ತಾನೇ?

ಆ ಮುದುಕನ ದೃಶ್ಯವನ್ನೇ ಹಿಡಿದು ಬೆಳೆಸಿ. ಇಡೀ ಪುಸ್ತಕದಲ್ಲಿ ಅದಕ್ಕಿಂತ ಒಳ್ಳೆಯ ಅವಕಾಶ ನಿಮಗೆ ಸಿಗುವುದಿಲ್ಲ. ಮಣ್ಣಿನಲ್ಲಿ ದೇಹ ಕೊಳೆಯುವಾಗ ಮೊದಮೊದಲು ಆ ಜಾಗದ ಹುಲ್ಲು, ಗಿಡ ಸುಟ್ಟ ಹಾಗೆ ಸಾಯುತ್ತವೆ, ಆಮೇಲೆ ಸುತ್ತಲೂ ಇಲ್ಲದ ಹಸಿರು ಅಲ್ಲಿ ಏಳುತ್ತದೆ. ಅಗೆದ ನೆಲ ಕ್ರಮೇಣ ಕುಸಿಯುತ್ತದೆ ಕೂಡ. ರೈತನ ಕಣ್ಣಿಗೆ ಇದು ತಪ್ಪುವುದಿಲ್ಲ. ಅವನು ಕಳ್ಳತನ ಹಿಡಿಯಲು ಬಂದವನಲ್ಲ, ಗೊಬ್ಬರದ ಹೆಸರು ಕೇಳಲು ಬಂದವನು. ‘ಏನು ಹಾಕಿದಿರಿ?’ ಒಬ್ಬಳು ‘ಕೊಟ್ಟಿಗೆ ಗೊಬ್ಬರ’ ಅನ್ನುತ್ತಾಳೆ, ಅದೇ ಉಸಿರಿನಲ್ಲಿ ಇನ್ನೊಬ್ಬಳು ‘ಏನೂ ಹಾಕಿಲ್ಲ’ ಅನ್ನುತ್ತಾಳೆ. ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಮೂಲೆ ಅವರೇ ನೋಡಿಕೊಳ್ತಾ ಇದ್ದದ್ದು’ ಅನ್ನುತ್ತಾಳೆ. ಮುದುಕ ತಲೆಯಾಡಿಸಿ, ‘ಅವನ ಕೈಗುಣ ಅದು, ಬಂದಾಗ ಕೇಳ್ತೀನಿ’ ಅನ್ನುತ್ತಾನೆ. ಹೋಗುವಾಗ ಒಂದು ಹಿಡಿ ಮಣ್ಣನ್ನು ಕರವಸ್ತ್ರಕ್ಕೆ ಕಟ್ಟಿಕೊಳ್ಳುತ್ತಾನೆ, ಮಣ್ಣು ಪರೀಕ್ಷೆಗೆ ಕಳಿಸಲು. ಅಲ್ಲಿಂದ ಮೂರು ಅಧ್ಯಾಯ ನಿಮ್ಮ ನಾಲ್ವರಿಗೆ ನಿದ್ದೆ ಇಲ್ಲ.

ಅವರು ಗುಂಡಿಗೆ ಸುಣ್ಣ ಸುರಿದರು, ಹೆಣ ಕರಗಿಹೋಯಿತು ಎಂದು ಬರೆದಿದ್ದೀರಿ. ಇದು ಸಿನಿಮಾ ನೋಡಿ ಬಂದ ನಂಬಿಕೆ. ಸುಣ್ಣ ಕೊಳೆಯುವುದನ್ನು ನಿಧಾನ ಮಾಡುತ್ತದೆ, ಜಾಸ್ತಿ ದಿನ ಉಳಿಸುತ್ತದೆ. ಆದರೆ ಆ ತಪ್ಪನ್ನು ತೆಗೆಯಬೇಡಿ, ಪಾತ್ರದ ತಪ್ಪಾಗಿ ಮಾಡಿ. ಒಬ್ಬಳು ಬಹಳ ತಿಳಿದವಳ ಹಾಗೆ ಸುಣ್ಣ ಹಾಕಿಸಿರಲಿ, ಎರಡು ವರ್ಷದ ಮೇಲೆ ಸತ್ಯ ಗೊತ್ತಾಗಲಿ, ಉಳಿದವರಿಗೆ ಹೇಳಲು ಬಾಯಿ ಬರದಿರಲಿ.

ನಿಮ್ಮ ಕಾದಂಬರಿ ನಡೆಯಬೇಕಾದದ್ದು ಇಂಥ ಗುಟ್ಟುಗಳ ಮೇಲೆ. ದೊಡ್ಡ ಗುಟ್ಟು ನಾಲ್ವರಿಗೂ, ಓದುಗರಿಗೂ ಗೊತ್ತು. ಸಣ್ಣ ಗುಟ್ಟುಗಳು ಅವರವರ ನಡುವೆ. ಒಂದು ಹಾಳೆ ತೆಗೆದುಕೊಂಡು ಲೆಕ್ಕ ಮಾಡಿ. ನಾಲ್ವರು ಗೆಳತಿಯರು ಅಂದರೆ ಒಂದು ಗೆಳೆತನವಲ್ಲ, ಆರು ಜೋಡಿ. ನಿಮ್ಮ ಹಸ್ತಪ್ರತಿಯಲ್ಲಿ ಎರಡೇ ಜೋಡಿಗೆ ಜೀವ ಇದೆ. ಉಳಿದ ನಾಲ್ಕು ಜೋಡಿ ಒಮ್ಮೆಯೂ ಇಬ್ಬರೇ ಇದ್ದದ್ದಿಲ್ಲ. ಪ್ರತಿ ಜೋಡಿಗೂ ಇಬ್ಬರೇ ಇರುವ ಒಂದು ಕೆಲಸ ಕೊಡಿ, ಮತ್ತು ಉಳಿದಿಬ್ಬರಿಗೆ ಹೇಳಲಾಗದ ಒಂದು ವಿಷಯ ಕೊಡಿ. ದೊಡ್ಡದೇ ಆಗಬೇಕೆಂದಿಲ್ಲ. ಒಬ್ಬಳು ಸತ್ತವನಿಗೆ ಸಾಲ ಕೊಟ್ಟಿದ್ದಳು, ಈಗ ಕೇಳುವಂತಿಲ್ಲ. ಇನ್ನೊಬ್ಬಳು ಆ ರಾತ್ರಿ ಅವನ ಕೈಗಡಿಯಾರ ಬಿಚ್ಚಿಟ್ಟುಕೊಂಡಳು, ಹೂಳಲು ಮನಸ್ಸಾಗದೆ. ಅದು ಅವಳ ಪೆಟ್ಟಿಗೆಯಲ್ಲಿ ಇನ್ನೂ ಓಡುತ್ತಿದೆ.

ಎಲ್ಲಕ್ಕಿಂತ ಭಾರದ ಗುಟ್ಟು ಜಮೀನಿನ ಕಾಗದಗಳಲ್ಲಿದೆ. ನಿಮ್ಮ ಹೆಂಗಸರ ಭಯ ನಿಜದ್ದು. ಅಭಿವೃದ್ಧಿಶೀಲ ದೇಶಗಳ ಬೇಸಾಯದ ದುಡಿಮೆಯಲ್ಲಿ ಸುಮಾರು 43% ಹೆಂಗಸರದು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2011ರ ವರದಿಯಲ್ಲಿ ಹೇಳಿತ್ತು. ಜಗತ್ತಿನ ಒಟ್ಟು ಹಿಡುವಳಿದಾರರಲ್ಲಿ ಹೆಂಗಸರು 15%ಕ್ಕಿಂತ ಕಡಿಮೆ ಎಂದೂ ಅದೇ ಸಂಸ್ಥೆ ಹೇಳುತ್ತದೆ. ಉತ್ತವಳು ಒಬ್ಬಳು, ಹೆಸರು ಇನ್ನೊಬ್ಬರದು. ಈ ಸಿಟ್ಟು ನಿಮ್ಮ ಕಾದಂಬರಿಯ ಅಡಿಯಲ್ಲಿ ಕುದಿಯುತ್ತಿದೆ, ಅದಕ್ಕೇ ನನಗೆ ಇದು ಇಷ್ಟವಾಯಿತು. ಆದರೆ ಭಯ ನಿಜ ಅಂದ ಮಾತ್ರಕ್ಕೆ ಅವರ ಲೆಕ್ಕಾಚಾರ ಸರಿ ಅಂತಲ್ಲ. ಎಷ್ಟೋ ಕಡೆ ವಿಧವೆಗೆ ಕಾನೂನಿನಲ್ಲಿ ಪಾಲು ಇದೆ, ಅವಳಿಗೆ ಯಾರೂ ಹೇಳಿರುವುದಿಲ್ಲ. ನಾಲ್ವರಲ್ಲಿ ಕಾಗದ ಓದಲು ಬಲ್ಲವಳಿಗೆ ಹೂತ ಒಂದು ತಿಂಗಳಿಗೇ ಇದು ಗೊತ್ತಾಗಿದ್ದರೆ? ಜಮೀನು ಹೇಗಿದ್ದರೂ ಗೆಳತಿಗೇ ಬರುತ್ತಿತ್ತು, ಆ ರಾತ್ರಿ ಏನೂ ಬೇಕಿರಲಿಲ್ಲ ಅಂತ? ಅವಳು ಅದನ್ನು ಹೇಗೆ ಹೇಳುತ್ತಾಳೆ? ಹೇಳುವುದಿಲ್ಲ. ವರ್ಷಗಟ್ಟಲೆ ಹೇಳುವುದಿಲ್ಲ. ಇದನ್ನು ಓದುಗರಿಂದಲೂ ಮುಚ್ಚಿಡಿ, ಬೇಕಾದರೆ ಮುಕ್ಕಾಲು ಪುಸ್ತಕದವರೆಗೆ. ಮುಚ್ಚಿಡಲು ಯೋಗ್ಯವಾದ ಗುಟ್ಟು ಇದು.

ಕಾನೂನಿನಿಂದ ಇನ್ನೂ ಒಂದು ಉಪಯೋಗವಿದೆ. ಹಲವು ದೇಶಗಳಲ್ಲಿ ಒಬ್ಬ ಮನುಷ್ಯನ ಸುದ್ದಿ 7 ವರ್ಷ ಯಾರಿಗೂ ಬರದಿದ್ದರೆ ಅವನು ಸತ್ತಿದ್ದಾನೆ ಎಂದು ಕೋರ್ಟ್ ಒಪ್ಪಬಹುದು. ಹಾಗಾದರೆ ನಾಲ್ವರೂ 7 ವರ್ಷ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಅಲ್ವಾ? ಆದರೆ ಅವರು ‘ಅವನು ಬದುಕಿದ್ದಾನೆ’ ಎಂದು ತೋರಿಸಲು ಅವನ ಹೆಸರಿನಲ್ಲಿ ಅವನ ತಾಯಿಗೆ ಪತ್ರ ಬರೆಯುತ್ತಿದ್ದಾರೆ. ಒಂದೊಂದು ಪತ್ರ ಬಂದಾಗಲೂ 7 ವರ್ಷದ ಲೆಕ್ಕ ಮತ್ತೆ ಮೊದಲಿನಿಂದ. ನಿಲ್ಲಿಸೋಣವೆಂದರೆ ಆ ತಾಯಿ ಪತ್ರಕ್ಕಾಗಿ ಬಾಗಿಲಲ್ಲಿ ಕೂತಿರುತ್ತಾಳೆ. ಬರೆಯುವವಳಿಗೆ ಆ ಮುದುಕಿಯ ಮೇಲೆ ಪ್ರೀತಿ ಬಂದುಬಿಟ್ಟಿದೆ. ಸತ್ತವನು ಬದುಕಿದ್ದಾಗ ತಾಯಿಗೆ ಒಂದು ಸಾಲು ಬರೆದವನಲ್ಲ. ಈಗ ತಿಂಗಳಿಗೆ ಎರಡು ಪುಟ ಬರೆಯುತ್ತಾನೆ. ‘ದೂರ ಹೋದ ಮೇಲೆ ಮಗ ಒಳ್ಳೆಯವನಾದ’ ಎಂದು ತಾಯಿ ಊರಿಗೆಲ್ಲ ಹೇಳುತ್ತಾಳೆ. ನಿಮ್ಮ ನಾಲ್ಕನೇ ಗೆಳತಿಗೆ ಇಡೀ ಕಥೆಯಲ್ಲಿ ಈಗ ಮಾಡಲು ಏನೂ ಇಲ್ಲ, ಈ ಪತ್ರಗಳನ್ನು ಅವಳಿಗೆ ಕೊಡಿ.

ಗೆಳೆತನದ ಬಗ್ಗೆ ಒಂದು ಮಾತು ಹೇಳಲೇಬೇಕು. ನಿಮ್ಮ ನಾಲ್ವರೂ ಪದೇ ಪದೇ ‘ನಾವು ಒಬ್ಬರಿಗೊಬ್ಬರು ಇದ್ದೇವೆ’ ಅನ್ನುತ್ತಾರೆ. ಹೊಲದಲ್ಲಿ ಗೆಳೆತನ ಹಾಗೆ ಮಾತಾಡುವುದಿಲ್ಲ. ನಮ್ಮ ಭಾಷೆಯಲ್ಲಿ ಅದಕ್ಕೊಂದು ಪದ ಇದೆ, ಮುಯ್ಯಾಳು. ಇವತ್ತು ನಾನು ನಿನ್ನ ಹೊಲಕ್ಕೆ ಬಂದರೆ ನಾಳೆ ನೀನು ನನ್ನ ಹೊಲಕ್ಕೆ. ದುಡ್ಡಿಲ್ಲ, ಬರಹವಿಲ್ಲ, ಆದರೆ ಲೆಕ್ಕ ಯಾರೂ ಮರೆಯುವುದಿಲ್ಲ. ಅದೇ ಮುಯ್ಯಿ ಅನ್ನುವ ಮಾತಿಗೆ ನಮ್ಮಲ್ಲಿ ಎರಡು ಅರ್ಥ. ಉಪಕಾರ ತೀರಿಸುವುದೂ ಮುಯ್ಯಿ, ಸೇಡು ತೀರಿಸುವುದೂ ಮುಯ್ಯಿ. ಈ ಒಂದು ಪದದೊಳಗೆ ನಿಮ್ಮ ಇಡೀ ಕಾದಂಬರಿ ಕೂತಿದೆ ಅಂತ ನನಗೆ ಅನ್ನಿಸುತ್ತದೆ. ಒಂದು ರಾತ್ರಿ ಗುಂಡಿ ತೋಡಿಕೊಟ್ಟದ್ದಕ್ಕೆ ಎಷ್ಟು ದಿನದ ಕಳೆ ಕೀಳಬೇಕು? ಇದನ್ನು ಯಾರೂ ಬಾಯಿಬಿಟ್ಟು ಕೇಳಬಾರದು. ಆದರೆ ಕೊಯ್ಲಿನ ದಿನ ವಿಧವೆ ಸೊಂಟ ನೋವು ಅಂತ ಅರ್ಧ ದಿನಕ್ಕೆ ಮನೆಗೆ ಹೊರಟಾಗ, ಗುಂಡಿ ತೋಡಿದವಳು ಕುಡುಗೋಲು ಕೆಳಗಿಟ್ಟು ಸುಮ್ಮನೆ ನೋಡುತ್ತಾಳೆ. ವಿಧವೆ ವಾಪಸ್ ಬಂದು ಬಗ್ಗುತ್ತಾಳೆ. ಅಲ್ಲಿ ಪ್ರೀತಿ ಇದೆಯಾ, ಬೆದರಿಕೆ ಇದೆಯಾ? ಎರಡೂ ಇದೆ. ಸಂಜೆ ಅದೇ ಹೆಂಗಸು ಬಿಸಿನೀರು ಕಾಯಿಸಿ ತಂದು ಇವಳ ಸೊಂಟಕ್ಕೆ ಶಾಖ ಕೊಡುತ್ತಾಳೆ. ಇಂಥ ಎರಡು ದೃಶ್ಯ ಇದ್ದರೆ ‘ಒಬ್ಬರಿಗೊಬ್ಬರು ಇದ್ದೇವೆ’ ಅನ್ನುವ ಸಾಲುಗಳನ್ನೆಲ್ಲ ಹೊಡೆದುಹಾಕಬಹುದು.

ನಾಲ್ವರೂ ಒಬ್ಬಳೇ ಮಾತಾಡಿದ ಹಾಗಿದೆ ಅನ್ನುವುದೂ ಕೆಲಸದಿಂದಲೇ ಸರಿಹೋಗುತ್ತದೆ. ಒಬ್ಬೊಬ್ಬರಿಗೂ ಒಂದೊಂದು ನುಡಿಗಟ್ಟು ಅಂಟಿಸಲು ಹೋಗಬೇಡಿ, ಅದು ವೇಷದ ಹಾಗೆ ಕಾಣುತ್ತದೆ. ಅವರು ಏನನ್ನು ನೋಡುತ್ತಾರೆ ಅನ್ನುವುದನ್ನು ಬೇರೆ ಮಾಡಿ. ಅಣ್ಣನ ಗಾಡಿ ದೂರದಲ್ಲಿ ಕಾಣಿಸಿತು ಅಂದುಕೊಳ್ಳಿ. ಟ್ರ್ಯಾಕ್ಟರ್ ಬಲ್ಲವಳು, ‘ಏರಿನಲ್ಲೂ ಗೇರ್ ಇಳಿಸಲಿಲ್ಲ, ದಾರಿ ಗೊತ್ತಿಲ್ಲದವನು’ ಅನ್ನುತ್ತಾಳೆ. ಹಸು ನೋಡಿಕೊಳ್ಳುವವಳು ಗಾಡಿಯನ್ನೇ ನೋಡುವುದಿಲ್ಲ, ಕಿವಿ ನಿಮಿರಿಸಿದ ಹಸುವನ್ನು ನೋಡುತ್ತಾಳೆ. ಕಾಗದ ಬಲ್ಲವಳಿಗೆ ಕಾಣುವುದು ಅವನ ಕಂಕುಳಲ್ಲಿರುವ ಚೀಲ. ಹೆಂಡತಿಗೆ ಮಾತ್ರ ಬಾಗಿಲ ಬಳಿ ಇರುವ ಗಂಡನ ಚಪ್ಪಲಿ ಕಾಣುತ್ತದೆ. ದೂರ ದುಡಿಯಲು ಹೋದವನು ಬರಿಗಾಲಲ್ಲಿ ಹೋದನಾ? ಇಷ್ಟು ದಿನ ಯಾರಿಗೂ ಹೊಳೆದಿರಲಿಲ್ಲ. ಅವಳು ಅದನ್ನು ಹಾಕಿಕೊಂಡು, ಎರಡು ಅಳತೆ ದೊಡ್ಡದಾದ ಚಪ್ಪಲಿಯಲ್ಲಿ ಕಾಲೆಳೆಯುತ್ತಾ, ಭಾವನನ್ನು ಬರಮಾಡಿಕೊಳ್ಳಲು ಹೋಗುತ್ತಾಳೆ.

ಆ ಅಣ್ಣನ ಬಗ್ಗೆ ಕೊನೆಯದಾಗಿ. ಈಗ ಅವನು ಮೀಸೆ ತಿರುವುವ ಖಳನಾಯಕ, ಬಂದವನು ಬರೀ ಕೂಗಾಡುತ್ತಾನೆ. ಅವನಿಗೂ ಕೆಲಸ ಕೊಡಿ. ಹಸು ಹೆದರಿದಾಗ ಅಥವಾ ಕರೆಯುವ ಕೈ ಬದಲಾದಾಗ ಹಾಲು ಕಟ್ಟಿಕೊಳ್ಳುತ್ತದೆ. ಹಾಲು ಇಳಿಯಲು ಆಕ್ಸಿಟೋಸಿನ್ ಅನ್ನುವ ಹಾರ್ಮೋನ್ ಬೇಕು, ಗಾಬರಿಯಲ್ಲಿ ಬರುವ ಅಡ್ರಿನಲಿನ್ ಅದಕ್ಕೆ ಅಡ್ಡ ಬರುತ್ತದೆ. ಹಾಗಾಗಿ ಗಂಡ ಸತ್ತ ದಿನದಿಂದ ಅವನ ಮೆಚ್ಚಿನ ಹಸುವಿನ ಹಾಲು ಕಮ್ಮಿಯಾಗಿರಲಿ. ಹಾಲು ಅಳೆಯುವವನು ದಿನಾ ‘ಯಾಕೆ ಕಮ್ಮಿ?’ ಅಂತ ಕೇಳಲಿ, ದಿನಾ ಒಂದು ಹೊಸ ಸುಳ್ಳು ಹುಟ್ಟಲಿ. ನಾಲ್ವರೂ ಸರದಿಯಲ್ಲಿ ಪ್ರಯತ್ನಿಸಿ ಸೋತಿರಲಿ. ಅಣ್ಣ ಬಂದ ಸಂಜೆ, ಜಗಳಕ್ಕೆ ಮುಂಚೆ, ಹಸು ಕೂಗುವುದನ್ನು ಕೇಳಲಾರದೆ ಅವನೇ ತೋಳು ಮಡಿಸಿ ಕೊಟ್ಟಿಗೆಗೆ ಹೋಗಲಿ. ಅವನೂ ಅದೇ ಮನೆಯಲ್ಲಿ ಬೆಳೆದವನು, ತಮ್ಮ ಗುನುಗುತ್ತಿದ್ದ ರಾಗ ಅವನಿಗೂ ಬರುತ್ತದೆ, ಬಹುಶಃ ಇವನೇ ಕಲಿಸಿದ್ದು. ಅವನು ಕೂತು ಗುನುಗಲು ಶುರುಮಾಡುತ್ತಾನೆ. ಪಾತ್ರೆಗೆ ಹಾಲು ಬೀಳುವ ಸದ್ದು ಕೇಳಿ ನಾಲ್ವರೂ ಓಡಿಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಅವನು ತಿರುಗಿ ನೋಡದೆ ಕೇಳುತ್ತಾನೆ, ‘ಇದನ್ನು ಅವನು ಯಾವತ್ತೂ ಬಿಟ್ಟು ಹೋಗೋನಲ್ಲ. ಎಲ್ಲಿ ಅವನು?’

ನಿಮ್ಮ ಹನ್ನೆರಡನೇ ಅಧ್ಯಾಯವನ್ನು ಅಲ್ಲಿಂದ ಶುರುಮಾಡಿ, ಬರೆದು ಕಳಿಸಿ.